ಹಿತ್ತಾಳೆಯ ಕೊಳವೆ

"ಮೇಷ್ಟ್ರೇ, ಕಂಪ್ಯೂಟರಿನ ಯಾವ ಭಾಷೆಯಲ್ಲಿ ಬರೆಯಲಿ? ಲಿಸ್ಪ್‌ನಲ್ಲೋ, ಸಿ ಪ್ಲಸ್ ಪ್ಲಸ್‌ನಲ್ಲೋ?" ಎಂದು ಸುಜಯಾ ಕೇಳಿದಳು.

ಪ್ರಭಯ್ಯ ಮೇಷ್ಟ್ರು ಪಾಲಿಟೆಕ್ನಿಕ್‌ನಲ್ಲಿ ಅವಳಿಗೆ ಡ್ರಾಯಿಂಗ್ ಕಲಿಸಿದವರು. ಈಗ ಅವಳು ಕಬ್ಬಿಣದ ಮೆಟ್ಟಿಲು ಮಾಡುವ ಕಾರ್ಖಾನೆಯಲ್ಲಿ ನಕ್ಷೆ ವಿಭಾಗದ ಮುಖ್ಯಸ್ಥೆ. ಅಲ್ಲಿ ನಾಲ್ವರು ದಿನವಿಡೀ ಕಂಪ್ಯೂಟರಿನಲ್ಲಿ ಮೆಟ್ಟಿಲುಗಳನ್ನೇ ಬರೆಯುತ್ತಿದ್ದರು. ಕಟ್ಟಡದ ಎತ್ತರ ಒಂದಿಷ್ಟು ಬದಲಾದರೆ ಮತ್ತೆ ಮೊದಲಿನಿಂದ. ಎತ್ತರ ಹೇಳಿದರೆ ಸಾಕು, ಮೆಟ್ಟಿಲಿನ ನಕ್ಷೆ ತಾನೇ ಮೂಡುವಂತೆ ಅವರು ಬಳಸುವ ಸಾಫ್ಟ್‌ವೇರಿಗೆ ಒಂದು ಪ್ರೋಗ್ರಾಂ ಸೇರಿಸಬೇಕೆಂಬುದು ಅವಳ ಆಸೆ. ಮಾಲೀಕರು ಒಪ್ಪಿದ್ದರು, ಅದು ನಡುವೆ ಕೆಟ್ಟು ನಿಂತುಹೋದರೆ ಮತ್ತೆ ಹಳೆಯ ದಾರಿಯೇ ಎಂದೂ ಹೇಳಿದ್ದರು. ಅವಳಿಗೆ ಆಗ ಐದು ತಿಂಗಳು. ಹೆರಿಗೆ ರಜೆಗೆ ಮುಂಚೆ ಬರೆದು ಮುಗಿಸಬೇಕಿತ್ತು.

"ಲಿಸ್ಪ್ ಹಳೆಯದು, ಎಲ್ಲಿ ನೋಡಿದರೂ ಆವರಣ ಚಿಹ್ನೆ. ನಮ್ಮಲ್ಲಿ ನಕ್ಷೆ ಬರೆಯುವ ಲೋಕಮ್ಮ ಕೂಡ ಅದರಲ್ಲಿ ನಾಲ್ಕು ಸಾಲು ಗೀಚಿಕೊಳ್ಳುತ್ತಾಳೆ. ಸಿ ಪ್ಲಸ್ ಪ್ಲಸ್ ಆದರೆ ಗಟ್ಟಿ, ವೇಗ. ಅಲ್ಲಿ ಅದು ಬರುವುದು ನನಗೊಬ್ಬಳಿಗೇ," ಎಂದಳು. ಕೊನೆಯ ಮಾತಿನಲ್ಲಿ ತುಸು ಹೆಮ್ಮೆ ಇತ್ತು. ಇರಲಿ, ಕಷ್ಟಪಟ್ಟು ಕಲಿತವರಿಗೆ ಅಷ್ಟೂ ಇರಬಾರದೇ?

ಮೇಷ್ಟ್ರು ಕತೆ ಹೇಳಿದರು.

ಒಬ್ಬ ರೈತನಿದ್ದ. ರಾಗಿ ಬಿತ್ತಲು ಅವನಲ್ಲಿ ಕೂರಿಗೆ ಇತ್ತು. ಮೇಲೊಂದು ಮರದ ಬಟ್ಟಲು, ಅದರಿಂದ ಬೀಜವನ್ನು ನೆಲಕ್ಕಿಳಿಸುವ ಬಿದಿರಿನ ಕೊಳವೆಗಳು. ರಾಗಿಯ ನಡುವೆ ಅವರೆಯ ಸಾಲೂ ಒಂದೇ ಸಲಕ್ಕೆ ಬೀಳಬೇಕೆಂದು ಅವನಿಗೆ ಮನಸ್ಸಾಯಿತು. ಅದಕ್ಕೆ ಇನ್ನೊಂದು ದಪ್ಪ ಕೊಳವೆ ಬೇಕು. ಬೇಲಿಯಲ್ಲೇ ಬಿದಿರಿತ್ತು. ಬಿದಿರು ಸೀಳುತ್ತದೆ ಎಂದು ಅವನು ಪೇಟೆಗೆ ಹೋಗಿ ಹಿತ್ತಾಳೆಯದನ್ನು ಮಾಡಿಸಿ ತಂದ. ಊರೆಲ್ಲ ಬಂದು ನೋಡಿತು. ರೈತನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮಳೆ ಬಂತು. ಬಿತ್ತನೆಯ ಹದ ಇರುವುದು ಎರಡೇ ದಿನ. ಮೊದಲ ದಿನ ಕೂರಿಗೆ ಸೊಗಸಾಗಿ ಓಡಿತು. ಎರಡನೆಯ ದಿನ ಬೆಳಿಗ್ಗೆ ಹಿತ್ತಾಳೆಯ ಕೊಳವೆ ಕಲ್ಲಿಗೆ ಬಡಿದು ಚಪ್ಪಟೆಯಾಯಿತು. ಅರ್ಧ ಹೊಲ ಹಾಗೇ ಉಳಿದಿತ್ತು. ರೈತ ಕೊಳವೆಯನ್ನು ಬಿಚ್ಚಿಕೊಂಡು ಪೇಟೆಗೆ ಓಡಿದ.

ಕೂರಿಗೆಯ ಹಿಂದೆ ಬೀಜ ಬಿಡುತ್ತಿದ್ದ ಅವನ ಹೆಂಡತಿ ಅವನು ಹೋದ ದಾರಿಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬೇಲಿಗೆ ಹೋಗಿ ಬಿದಿರು ಕಡಿದಳು, ಹಗ್ಗದಿಂದ ಬಿಗಿದಳು, ಪಕ್ಕದ ಹೊಲದವಳನ್ನು ಜೊತೆಗೆ ಕರೆದು ಎತ್ತು ಹೂಡಿದಳು.

ಸಂಜೆ ರೈತ ತಳತಳಿಸುವ ಕೊಳವೆ ಹಿಡಿದು ಬಂದ. ಹೊಲ ಪೂರ್ತಿ ಬಿತ್ತಿಯಾಗಿತ್ತು.

"ಈ ಬಿದಿರಿನ ಕೊಳವೆಯನ್ನು ಯಾರ ಕೈಲಿ ಮಾಡಿಸಿದೆ?" ಎಂದು ಬೆರಗಾಗಿ ಕೇಳಿದ.

"ಮಾಡಿಸುವುದೇನು ಬಂತು? ಮಧ್ಯಾಹ್ನ ಒಂದು ಸೀಳಿತು. ಇನ್ನೊಂದು ಕಡಿದೆ," ಎಂದಳು ಹೆಂಡತಿ.

ಆ ವರ್ಷ ರಾಗಿಯೂ ಅವರೆಯೂ ಒಟ್ಟಿಗೇ ಮೊಳೆತವು.

ಕತೆ ಮುಗಿಯಿತು. ಸುಜಯಾಗೆ ಸಮಾಧಾನವಾಗಲಿಲ್ಲ. "ಹಾಗಾದರೆ ಸಿ ಪ್ಲಸ್ ಪ್ಲಸ್ ಕೆಟ್ಟದ್ದೇ, ಮೇಷ್ಟ್ರೇ?" ಎಂದಳು.

"ಹಿತ್ತಾಳೆಗೇನು ಕಡಮೆ ತಾಯಿ, ಆದರೆ ನೀನು ಮನೆಯಲ್ಲಿ ಮಗುವನ್ನು ಮಲಗಿಸುತ್ತಿರುವಾಗ ಆ ಪ್ರೋಗ್ರಾಂ ಕೆಟ್ಟರೆ, ಲೋಕಮ್ಮನ ಬೇಲಿಯಲ್ಲಿ ಬೆಳೆದಿರುವುದು ಯಾವುದು?" ಎಂದರು ಮೇಷ್ಟ್ರು.

ಮರುದಿನ ಸುಜಯಾ ಲೋಕಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಆವರಣ ಚಿಹ್ನೆ ಹಾಕಿದಳು.