ಮೂರು ತೊಟ್ಟಿಲ ಸುತ್ತಲಿನ ಬೆಳಕು

ಹತ್ತಿರ ಬನ್ನಿ ಮಕ್ಕಳೇ, ಇದು ಅಂಜಿಕೆಯ ಕಥೆ. ಹಿಂದೆ ನೇರಿಲೂರು ಅಂತ ಒಂದು ರಾಜ್ಯವಿತ್ತು. ಅದಕ್ಕೆ ಬಿಜ್ಜರಸ ಅಂತ ಒಬ್ಬ ರಾಜ. ಅವನ ಹೆಂಡತಿ ಮಾಳಲೆ ರಾಣಿ. ಎಷ್ಟೋ ಹರಕೆ ಹೊತ್ತ ಮೇಲೆ ಅವರಿಗೊಂದು ಗಂಡುಮಗು ಹುಟ್ಟಿತ್ತು.

ಒಂದು ದಿನ ಆಸ್ಥಾನಕ್ಕೆ ಭೈರೋಜ ಅನ್ನೋನು ಬಂದ.

"ಜೀವ ಇರೋದರ ಸುತ್ತೆಲ್ಲ ಒಂದು ಪ್ರಭೆ ಇರ್ತದೆ ಮಹಾರಾಜರೇ. ಗಿಡಕ್ಕೂ ಇದೆ, ಹಸುವಿಗೂ ಇದೆ, ಮನುಷ್ಯನಿಗೂ ಇದೆ. ನನಗೆ ಅದು ಗೋಡೆಯಾಚೆಗೂ ಕಾಣ್ತದೆ. ಯಾರ ಪ್ರಭೆ ಕಪ್ಪೋ ಅವರಿಂದ ರಾಜ್ಯಕ್ಕೆ ಕೇಡು" ಅಂದ.

ರಾಜ ನಂಬಿಬಿಟ್ಟ.

ಮುದಿ ದಂಡನಾಯಕ ಕೇತಮಲ್ಲ ಈ ಮಾತಿಗೆ ನಕ್ಕ. ಮಾರನೇ ದಿನವೇ ಭೈರೋಜ ಬೆರಳು ತೋರಿಸಿದ. "ಕಪ್ಪು!" ಕೇತಮಲ್ಲನನ್ನು ಹೊಳೆಯಾಚೆಯ ಹುಲಿಗಳಿರೋ ಕಾಡಿಗೆ ಬಿಟ್ಟು ಬಂದರು.

ರಾಣಿಯ ದಾಸಿ ಸಂಕವ್ವ, "ಪಾಪ, ಆ ಮುದುಕಪ್ಪ ಏನು ಮಾಡಿದ್ದ?" ಅಂತ ಗೊಣಗಿದಳು. ಬೆರಳು ಅವಳತ್ತ ತಿರುಗಿತು. "ಕಪ್ಪು!" ಅವಳನ್ನೂ ಬಿಟ್ಟು ಬಂದರು.

ಆಮೇಲೆ ಅರಮನೆಯಲ್ಲಿ ಯಾರೂ ಜೋರಾಗಿ ಉಸಿರು ಬಿಡಲಿಲ್ಲ. ಭೈರೋಜನ ಕೋಲಿನ ಸದ್ದು ಕೇಳಿದರೆ ಅಡುಗೆಯವರು ಕಂಬದ ಹಿಂದೆ ಸರೀತಿದ್ದರು. ರಾಣಿ ಕೂಡ ಕನ್ನಡಿ ಮುಂದೆ ನಿಂತು ತನ್ನ ಭುಜದ ಸುತ್ತ ಕಪ್ಪು ಹುಡುಕಿದಳು. ಏನೂ ಕಾಣಲಿಲ್ಲ. ಆದರೂ ಮತ್ತೆ ಮತ್ತೆ ನೋಡಿಕೊಂಡಳು. ಭೈರೋಜ ಎದುರು ಬಂದಾಗ ಸಂಕವ್ವನ ನೆನಪಾಗಿ ಅವಳು ಕೈ ಮುಗಿಯಲಿಲ್ಲ. ಅಷ್ಟೇ ಸಾಕಾಯ್ತು.

"ಮಹಾರಾಜರೇ, ಹೇಳೋಕೆ ನಾಲಿಗೆ ಏಳ್ತಿಲ್ಲ. ಯುವರಾಜರ ಪ್ರಭೆ ಕಪ್ಪಾಗಿದೆ."

ರಾಜ ಮುಖ ಮುಚ್ಚಿಕೊಂಡು ಅತ್ತ. ಆದರೆ ಆಗೋದಿಲ್ಲ ಅನ್ನಲಿಲ್ಲ. "ನಾಳೆ ಬೆಳಿಗ್ಗೆ ಕಾಡಿಗೆ..." ಅಂದ.

ರಾಣಿ ತೊಟ್ಟಿಲ ಹತ್ತಿರ ಓಡಿದಳು. ಮಗುವನ್ನು ಎದೆಗವಚಿಕೊಂಡಳು. ಬೆಚ್ಚನೆ ಮೈ, ಹಾಲಿನ ವಾಸನೆ. ಇದರಲ್ಲಿ ಕಪ್ಪು ಎಲ್ಲಿದೆ?

ಅಷ್ಟರಲ್ಲಿ ಹಿತ್ತಿಲ ಬಾಗಿಲು ತಳ್ಳಿಕೊಂಡು ಒಬ್ಬ ಹೆಂಗಸು ಬಂದಳು, ಕಂಕುಳಲ್ಲಿ ಕೂಸು. ಭೈರೋಜನ ಹೆಂಡತಿ ನಾಗಿಯಕ್ಕ.

"ತಾಯೀ, ಅವರಿಗೆ ಏನೂ ಕಾಣಲ್ಲ. ನಾನು ಎದುರಾಡಿದರೆ ನನ್ನದೂ ಕಪ್ಪು ಅಂತಾರೆ. ಹೆದರಿ ಹೆದರಿ ಸಾಕಾಗಿದೆ."

ಇಬ್ಬರೂ ಕೂತು ಪಿಸುಗುಟ್ಟಿದರು.

ಬೆಳಿಗ್ಗೆ ಆಸ್ಥಾನದಲ್ಲಿ ಮೂರು ತೊಟ್ಟಿಲು. ಮೂರಕ್ಕೂ ದಪ್ಪ ಪರದೆ. ರಾಣಿ ಭೈರೋಜನತ್ತ ತಿರುಗಿದಳು.

"ಗೋಡೆಯಾಚೆ ಕಾಣೋರಿಗೆ ಪರದೆ ಅಡ್ಡಿಯಾ? ನನ್ನ ಮಗ ಯಾವುದರಲ್ಲಿದ್ದಾನೆ ತೋರಿಸಿ. ಕೊಟ್ಟುಬಿಡ್ತೀನಿ."

ಭೈರೋಜ ಮೊದಲನೇ ತೊಟ್ಟಿಲ ಮುಂದೆ ನಿಂತ. "ಹಳದಿ ಪ್ರಭೆ. ಯಾರದೋ ಒಳ್ಳೆ ಮಗು." ಎರಡನೇದರ ಮುಂದೆ ನಿಂತ. "ಬೆಳ್ಳಿ ಪ್ರಭೆ. ಪುಣ್ಯವಂತ ಮಗು." ಮೂರನೇದರ ಮುಂದೆ ನಿಂತ. ಒಳಗೆ ಕೂಸು ಕುಂಯ್‌ಗುಟ್ಟಿತು. "ಕಪ್ಪು! ಇದೇ! ಕಾಡಿಗೆ ಒಯ್ಯಿರಿ!"

ಆಳುಗಳು ಕೈ ಹಾಕುವಷ್ಟರಲ್ಲಿ ನಾಗಿಯಕ್ಕ ಓಡಿ ಬಂದು ಪರದೆ ಕಿತ್ತಳು.

"ಕಣ್ಣು ಬಿಟ್ಟು ನೋಡಿ! ಇದು ನಿಮ್ಮ ಮಗ!"

ಭೈರೋಜನ ಕೋಲು ಕೈಜಾರಿತು. ರಾಣಿ ಉಳಿದ ಪರದೆಗಳನ್ನು ಸರಿಸಿದಳು. ಒಂದರಲ್ಲಿ ಖಾಲಿ ಬಿಂದಿಗೆ, ಇನ್ನೊಂದರಲ್ಲಿ ರುಬ್ಬೋ ಗುಂಡು. ಯುವರಾಜ ಒಳಮನೆಯಲ್ಲಿ ಅಜ್ಜಿಯ ಮಡಿಲಲ್ಲಿ ನಿದ್ದೆ ಹೋಗಿದ್ದ.

"ಇವನನ್ನು ಹುಲಿ ಕಾಡಿಗೆ ಬಿಡಿ!" ರಾಜ ಅಬ್ಬರಿಸಿದ.

"ಒಬ್ಬನನ್ನೇ ಯಾಕೆ? ಕೇತಮಲ್ಲನನ್ನೂ ಸಂಕವ್ವನನ್ನೂ ಕಳಿಸಿದ್ದು ನೀವೂ ಅಲ್ಲವಾ? ಇಬ್ಬರೂ ಹೋಗಿ ಹುಡುಕಿ ತನ್ನಿ" ಅಂದಳು ರಾಣಿ. "ಈ ಪ್ರಭೆ ಕಾಣೋರು ಮುಂದೆ ನಡೀಲಿ. ಯಾವ ಪೊದೆಯಲ್ಲಿ ಯಾವ ಜೀವ ಇದೆ ಅಂತ ದೂರದಿಂದಲೇ ಹೇಳ್ತಾರಲ್ಲ."

"ನನಗೇನೂ ಕಾಣಲ್ಲ ತಾಯೀ, ಸುಳ್ಳು ಹೇಳಿದೆ!" ಅಂತ ಭೈರೋಜ ಎಲ್ಲರೆದುರು ಕಾಲಿಗೆ ಬಿದ್ದ. ಆದರೂ ಹೋಗಲೇಬೇಕಾಯ್ತು. ಎಲೆ ಅಲುಗಿದರೂ ಚೀರಿಕೊಳ್ಳುತ್ತಾ ನಡೆದ. ಸಂಕವ್ವ ಒಂದು ಮರದ ಮೇಲೆ ಬದುಕಿದ್ದಳು. ಕೇತಮಲ್ಲನ ರುಮಾಲು ಮಾತ್ರ ಸಿಕ್ಕಿತು. ರಾಜ ಅದನ್ನು ಎದೆಗೊತ್ತಿಕೊಂಡು ದಾರಿಯುದ್ದ ಅಳುತ್ತಾ ಬಂದ.

ಕೇಳಿದಿರಲ್ಲ ಮಕ್ಕಳೇ? ನಿಮಗೆ ಕಾಣದ್ದು ತನಗೆ ಕಾಣ್ತದೆ ಅಂತ ಯಾರಾದರೂ ಒಬ್ಬರ ಮೇಲೆ ಬೆರಳು ತೋರಿಸಿದರೆ, ಹೆದರಿ ಅವರನ್ನು ಕೈಬಿಡಬೇಡಿ. ಮೊದಲು ಪರೀಕ್ಷೆ ಮಾಡಿ. ಹೆದರಿ ಸುಮ್ಮನಿದ್ದವರಿಗೂ ಆ ಪಾಪದಲ್ಲಿ ಪಾಲಿದೆ.