ನಾಳೆ ಬರ್ತಾಳೆ

ಹೊಳೆಯ ಆಚೆ ದಡದಲ್ಲಿ ಇಬ್ಬರು ಪಾಳೆಯಗಾರರು ಮೂರು ವರ್ಷದಿಂದ ಕಾದಾಡುತ್ತಿದ್ದರು. ಈಚೆ ದಡದಲ್ಲಿ ಹೊನ್ನಜ್ಜಿಯ ಆಶ್ರಮ.

ಅಲ್ಲಿ ವೇದಾಂತ ಗೀದಾಂತ ಏನೂ ಇರಲಿಲ್ಲ. ಯುದ್ಧದಲ್ಲಿ ಸಿಕ್ಕಿಕೊಂಡ ಮಕ್ಕಳನ್ನು ಕಾಯುವುದು ಹೇಗೆ, ಅಜ್ಜಿ ಕಲಿಸುತ್ತಿದ್ದದ್ದು ಅದೊಂದೇ. ಎರಡು ಸೈನ್ಯಗಳ ನಡುವೆ ನಿಂತು ಜಗಳ ಬಿಡಿಸುವ ಶಾಂತಿಪಡೆಯವರು ವರ್ಷಕ್ಕೊಮ್ಮೆ ದೋಣಿ ತಂದು, ಕಲಿತವರನ್ನು ಆಚೆಗೆ ಕರೆದೊಯ್ಯುತ್ತಿದ್ದರು.

ಬೊಮ್ಮಣ್ಣ ಎರಡು ವರ್ಷದಿಂದ ಆ ದೋಣಿಯ ಮೇಲೆ ಜೀವ ಇಟ್ಟುಕೊಂಡಿದ್ದ. ಆಳು ನೋಡಿದರೆ ಬಾಗಿಲಿಗೆ ತಲೆ ತಗಲುವಷ್ಟು ಎತ್ತರ, ಮನಸ್ಸು ಮಾತ್ರ ಬೆಣ್ಣೆ. ಗಾಯ ತೊಳೆಯುವುದು, ಮಕ್ಕಳನ್ನು ಪುಸಲಾಯಿಸಿ ಸೈನ್ಯಕ್ಕೆ ಎಳೆಯುವ ಖದೀಮರನ್ನು ಗುರುತು ಹಿಡಿಯುವುದು, ಎಲ್ಲ ಅರೆದು ಕುಡಿದಿದ್ದ. ಈ ಸಲ ಅವನ ಸರದಿ. ನಾಳೆ ಮಧ್ಯಾಹ್ನ ದೋಣಿ.

ಆದರೆ ದುಗ್ಗಿ ಊಟ ಬಿಟ್ಟಿದ್ದಳು.

ದುಗ್ಗಿಗೆ ಆರು ವರ್ಷ. ಊರಿಗೆ ಬೆಂಕಿ ಬಿದ್ದ ದಿನ ಅವ್ವನ ಕೈ ತಪ್ಪಿ, ಯಾರದೋ ದೋಣಿಯಲ್ಲಿ ಈಚೆಗೆ ಬಂದಿದ್ದಳು. ಬಂದ ದಿನ ಒಂದೇ ಸಮನೆ ಅಳು. ಬೊಮ್ಮಣ್ಣ ಅವಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡ.

"ಅಳಬೇಡ ಪುಟ್ಟಿ. ನಾಳೆ ನಿಮ್ಮವ್ವ ಬರ್ತಾಳೆ. ಈಗ ಉಣ್ಣು" ಅಂದುಬಿಟ್ಟ. ಅವಳು ಅಳು ನಿಲ್ಲಿಸಿ ಉಂಡಳು.

ಮಾರನೇ ದಿನ ದೋಣಿಗಟ್ಟೆಗೆ ಹೋಗಿ ಕೂತವಳು ಏಳಲೇ ಇಲ್ಲ. ನಿದ್ದೆ ಹೋದ ಮೇಲೆ ಎತ್ತಿಕೊಂಡು ಬಂದರೆ, ಬೆಳಗಾಗುವಷ್ಟರಲ್ಲಿ ಮತ್ತೆ ಅಲ್ಲಿ. ತುತ್ತು ಹಿಡಿದುಕೊಂಡು ಹೋದವರಿಗೆಲ್ಲ ಒಂದೇ ಮಾತು: "ಅವ್ವ ಬಂದ್ಮೇಲೆ."

ಮೂರು ದಿನವಾಯಿತು. ಬೊಮ್ಮಣ್ಣ ಅಜ್ಜಿಯ ಮುಂದೆ ಬಂದು ನಿಂತ. ಅಜ್ಜಿ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು.

"ಅಜ್ಜೀ, ಮಗು ನೀರು ಬಿಟ್ಟು ಏನೂ ಮುಟ್ತಿಲ್ಲ. ಸೊರಗಿ ಹೋಗ್ತಿದೆ. ಏನು ಮಾಡ್ಲಿ?"

"ನಾಳೆ ಬರ್ತಾಳೆ ಅಂದೋರು ಯಾರು?"

"ನಾನೇ. ಆ ಅಳು ನೋಡೋಕೆ ಆಗ್ಲಿಲ್ಲ."

"ಯಾರಿಗೆ ಆಗ್ಲಿಲ್ಲ?"

ಬೊಮ್ಮಣ್ಣ ತಲೆ ಕೆರೆದುಕೊಂಡ. "ನನಗೆ" ಅಂದ.

"ಅವರವ್ವ ಎಲ್ಲಿದಾಳೋ ಗೊತ್ತೇನೋ?"

"ಇಲ್ಲ. ಬದುಕಿದಾಳೋ ಇಲ್ಲವೋ ಅದೂ ಗೊತ್ತಿಲ್ಲ."

"ಗೊತ್ತಿಲ್ಲ ಅಂತ ಹೇಳಿ ಬಾ, ಹೋಗು."

"ಅಯ್ಯೋ, ಆರು ವರ್ಷದ ಕೂಸು ಅಜ್ಜಿ! ನನ್ನ ಮುಖ ಕೂಡ ನೋಡಲ್ಲ ಆಮೇಲೆ."

"ನೋಡದೇ ಇರಲಿ. ನೀನು ಮಾತ್ರ ಎದ್ದು ಬರಬೇಡ."

ಬೊಮ್ಮಣ್ಣ ಎರಡು ರೊಟ್ಟಿ ಬಟ್ಟೆಯಲ್ಲಿ ಸುತ್ತಿಕೊಂಡು ಇಳಿದು ಹೋದ. ಯುದ್ಧದ ನಡುವೆ ಹೋಗಲು ಹೊರಟಿದ್ದವನು ಈ ಕಟ್ಟೆಯ ಹತ್ತು ಮೆಟ್ಟಿಲು ಇಳಿಯುವಷ್ಟರಲ್ಲಿ ಎರಡು ಸಲ ಹಿಂದಿರುಗಿ ನೋಡಿದ, ಪಾಪ.

ಮಗುವಿನ ಪಕ್ಕ ಕೂತ. "ದುಗ್ಗವ್ವಾ, ನಾನು ಸುಳ್ಳು ಹೇಳಿದೆ. ನಿಮ್ಮವ್ವ ಎಲ್ಲಿದಾಳೋ ನನಗೆ ಗೊತ್ತಿಲ್ಲ. ಹುಡುಕ್ತಾ ಇದೀವಿ. ನಾಳೆ ಬರ್ತಾಳೆ ಅಂತ ಹೇಳಬಾರದಾಗಿತ್ತು. ತಪ್ಪಾಯ್ತು."

ಮಗು ಅವನನ್ನೇ ನೋಡಿತು.

"ಸುಳ್ಳುಬುರುಕ!"

ಮರಳು ಎರಚಿದಳು. ಹೊಡೆದಳು. ಮುಂಗೈ ಕಚ್ಚಿದಳು. ಆಮೇಲೆ ಆಶ್ರಮಕ್ಕೆಲ್ಲ ಕೇಳಿಸುವ ಹಾಗೆ ಅತ್ತಳು. ಬೊಮ್ಮಣ್ಣ ಏಳಲಿಲ್ಲ. ಅವನ ಕಣ್ಣಲ್ಲೂ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳುವುದಕ್ಕೂ ಹೋಗಲಿಲ್ಲ.

ಬಿಸಿಲು ಇಳಿಯಿತು. ಅತ್ತೂ ಅತ್ತೂ ಸುಸ್ತಾದ ಮಗು ಅವನಿಗೆ ಬೆನ್ನು ಮಾಡಿ ಕೂತಿತ್ತು. ಎಷ್ಟೋ ಹೊತ್ತಿನ ಮೇಲೆ ಈ ಕಡೆ ತಿರುಗದೆಯೇ ಕೇಳಿತು:

"ಅವ್ವ ನಾಳೆ ಬರಲ್ವಾ?"

"ಗೊತ್ತಿಲ್ಲ ಕಂದಾ."

"ನಾಡಿದ್ದು?"

ಹೂಂ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡ. "ಅದೂ ಗೊತ್ತಿಲ್ಲ."

ದುಗ್ಗಿ ಈ ಕಡೆ ತಿರುಗಿದಳು. ಬಟ್ಟೆ ಬಿಚ್ಚಿ ಒಂದು ಚೂರು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಳು. ಅಗಿಯುತ್ತ ಅವನ ಮುಖ ನೋಡಿದಳು.

"ನೀನು?" ಅಂದಳು. "ನಾಳೆ ನೀನು ಬರ್ತೀಯಾ ಇಲ್ಲಿಗೆ?"

ಬೊಮ್ಮಣ್ಣ ತಬ್ಬಿಬ್ಬಾದ. ನಾಳೆ ಮಧ್ಯಾಹ್ನ ದೋಣಿ. ಎರಡು ವರ್ಷದ ಆಸೆ.

"ಇರು ಪುಟ್ಟಿ. ಕೇಳಿಕೊಂಡು ಬಂದು ಹೇಳ್ತೀನಿ. ಈಗಲೇ ಹೇಳಿದ್ರೆ ಮತ್ತೆ ಸುಳ್ಳಾಗಬಹುದು."

ಮೆಟ್ಟಿಲು ಹತ್ತಿ ಅಜ್ಜಿಯ ಮುಂದೆ ಏದುಸಿರು ಬಿಡುತ್ತ ನಿಂತ. ನಡೆದದ್ದನ್ನೆಲ್ಲ ಹೇಳಿದ. ಅಜ್ಜಿ ಕಚ್ಚಿದ ಗಾಯಕ್ಕೆ ಅರಿಶಿನ ಮೆತ್ತುತ್ತ, "ಪರವಾಗಿಲ್ಲ, ಹಲ್ಲು ಗಟ್ಟಿಯಾಗಿವೆ" ಅಂದಳು.

"ಅಜ್ಜೀ, ನಾಳೆಯ ದೋಣಿಯಿಂದ ನನ್ನ ಹೆಸರು ತೆಗೆದುಬಿಡಿ."

"ಆಚೆ ದಡದಲ್ಲಿ ನೂರಾರು ಮಕ್ಕಳಿದಾವಲ್ಲೋ?"

"ಇದಾವೆ. ಅದಕ್ಕೇ ಸಂಕಟ ಆಗ್ತಿದೆ. ನಮ್ಮಲ್ಲಿ ಕಲಿತ ಕಾಳವ್ವ ಇದಾಳೆ, ನನ್ನ ಬದಲು ಅವಳು ಹೋಗ್ಲಿ. ಈಗ ಹೋಗಿ ಈ ಮಗುವಿಗೆ ಬರ್ತೀನಿ ಅಂತೀನಿ. ಅಂದ್ಮೇಲೆ ನಾನು ಬರಲೇಬೇಕು."

ಅಜ್ಜಿ ಅವನ ಕೆನ್ನೆ ಸವರಿದಳು. ಅವಳ ಕಣ್ಣೂ ಒದ್ದೆಯಾಗಿತ್ತು.

"ಮುಂದಿನ ವರ್ಷವಾದ್ರೂ ನನ್ನನ್ನ ಕಳಿಸ್ತೀರಾ ಅಜ್ಜಿ?"

"ಅದನ್ನ ಮುಂದಿನ ವರ್ಷ ಕೇಳು. ಖಂಡಿತ ಬರೋರಿಗೋಸ್ಕರ ಆ ಮಗು ಇವತ್ತೇ ಮೊದಲ ಸಲ ಕಾಯ್ತಾ ಕೂತಿದೆ, ಓಡೋ."