ಮೊದಲ ಮುದ್ರೆ

ಆ ಸಂಸ್ಥಾನವನ್ನು ಮೂವರು ಅಣ್ಣತಮ್ಮಂದಿರು ಒಟ್ಟಾಗಿ ಆಳುತ್ತಿದ್ದರು. ಮೂವರ ಮುದ್ರೆಯೂ ಬೀಳದೆ ಯಾವ ಆಜ್ಞೆಯೂ ಜಾರಿಯಾಗುತ್ತಿರಲಿಲ್ಲ. ತಪ್ಪಾದರೆ ತನ್ನ ತಲೆಗೆ ಬಂದೀತೆಂದು ಮೊದಲ ಮುದ್ರೆ ಒತ್ತಲು ಯಾರೂ ಒಪ್ಪುತ್ತಿರಲಿಲ್ಲ.

ಮಳೆಗಾಲದಲ್ಲಿ ಕೆರೆಯ ಏರಿ ಬಿರಿಯಿತು. ಕೆಳಗೇ ಊರು. ದುರಸ್ತಿಯ ಆಜ್ಞೆ ಹಿಡಿದು ಗುಮಾಸ್ತ ಎರಡು ದಿನ ಅಲೆದ. "ಅಣ್ಣ ಒತ್ತಲಿ" ಎಂದ ತಮ್ಮ. "ತಮ್ಮಂದಿರು ಒತ್ತಲಿ" ಎಂದ ಅಣ್ಣ.

ಮೂರನೆಯ ದಿನ ಗುಮಾಸ್ತ "ಏರಿಯನ್ನು ಯಾರೂ ಮುಟ್ಟಕೂಡದು" ಎಂಬ ಆಜ್ಞೆ ಬರೆದು ತಂದ. ಅದಕ್ಕೂ ಯಾರೂ ಒತ್ತಲಿಲ್ಲ. ಸಂಜೆಯೊಳಗೆ ಗುಮಾಸ್ತನ ಮಾತಿನಂತೆ ಊರವರು ಮಣ್ಣು ಹೊತ್ತು ಏರಿ ಕಟ್ಟಿದರು.

"ಯಾರ ಅಪ್ಪಣೆಯಿಂದ ಕಟ್ಟಿಸಿದೆಯೋ?" ಹಿರಿಯ ದೊರೆ ಗುಡುಗಿದ.

"ಬೇಡವೆಂಬ ಆಜ್ಞೆ ಜಾರಿಯಾಗಲಿಲ್ಲವಲ್ಲ, ಮಹಾಸ್ವಾಮಿ."

"ಇವನನ್ನು ಗಡೀಪಾರು ಮಾಡಿ!" ಮೂವರೂ ಒಟ್ಟಿಗೇ ಕೂಗಿದರು.

ಗುಮಾಸ್ತ ಅಲ್ಲೇ ಕೂತು ತನ್ನ ಗಡೀಪಾರಿನ ಆಜ್ಞೆಯನ್ನು ಅಂದವಾಗಿ ಬರೆದು ಮುಂದಿಟ್ಟ. "ಮೊದಲು ಯಾರು ಒತ್ತುತ್ತೀರಿ?"

ಮುಂದೆ ಇಪ್ಪತ್ತು ವರ್ಷ, ಪ್ರತಿ ಸೋಮವಾರ, ಆ ಕಾಗದವನ್ನು ಮುದ್ರೆಗೆ ತಪ್ಪದೆ ಒಯ್ಯುತ್ತಿದ್ದವನು ಅವನೇ.